ಟೆಲಿಸ್ಕೋಪಿನ ಗುರಿ ತಪ್ಪುವುದೆಲ್ಲಿ?

ಪರದೆಯ ಮೇಲಿನ ಎರಡೂ ಅಂಕಿಗಳು ಸೊನ್ನೆಗೆ ಬಂದು ನಿಂತಿವೆ. ಎಂ104 ಗ್ಯಾಲಕ್ಸಿಯ ಮೇಲೇ ಟೆಲಿಸ್ಕೋಪು ನಿಂತಿದೆ ಎಂದು ಪೆಟ್ಟಿಗೆ ಹೇಳುತ್ತಿದೆ. ಐಪೀಸಿಗೆ ಕಣ್ಣಿಟ್ಟರೆ ನಾಲ್ಕಾರು ಚುಕ್ಕಿಗಳು, ಉಳಿದದ್ದೆಲ್ಲ ಕತ್ತಲೆ. ಆಚೆ ಈಚೆ ತಡಕಾಡಿದರೆ ಒಂದೂವರೆ ಡಿಗ್ರಿ ದೂರದಲ್ಲಿ ಗ್ಯಾಲಕ್ಸಿ ತಣ್ಣಗೆ ಕೂತಿರುತ್ತದೆ.

ಡಿಜಿಟಲ್ ಸೆಟ್ಟಿಂಗ್ ಸರ್ಕಲ್ ಕೂಡಿಸಿಕೊಂಡ ಹವ್ಯಾಸಿಗಳಿಗೆ ಈ ಪಾಡು ಹೊಸದಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮತ್ತೆ ಎರಡು ನಕ್ಷತ್ರ ಹಿಡಿದು ಅಲೈನ್ಮೆಂಟ್ ಮಾಡುತ್ತಾರೆ. ಅದೂ ಕೈಕೊಟ್ಟರೆ ಬೇರೆರಡು ನಕ್ಷತ್ರ. ಕೊನೆಗೆ ಪೆಟ್ಟಿಗೆಗೆ ಶಾಪ ಹಾಕಿ, ಹಳೆಯ ಪದ್ಧತಿಯಂತೆ ನಕ್ಷೆ ಬಿಡಿಸಿಕೊಂಡು ಕೂರುತ್ತಾರೆ. ಪೆಟ್ಟಿಗೆಯದ್ದೇ ತಪ್ಪಾಗಿರುವುದು ಬಲು ಅಪರೂಪ. ಅದು ಮಾಡುವುದು ಬರೀ ತ್ರಿಕೋನಮಿತಿಯ ಲೆಕ್ಕ. ಆ ಲೆಕ್ಕಕ್ಕೆ ನಾವು ಒದಗಿಸುವ ಅಂಕಿಗಳು ಕೆಟ್ಟಿರುತ್ತವೆ: ಎಲ್ಲೋ ಜಾರುವ ಒಂದು ಸ್ಕ್ರೂ, ಸರಿಯಾದ ಜಾಗದಲ್ಲಿ ಇಡದ ಒಂದು ಸೊನ್ನೆ. ಅದನ್ನು ಸರಿಪಡಿಸದೆ ನೂರು ಸಲ ಅಲೈನ್ ಮಾಡಿದರೂ ಫಲವಿಲ್ಲ. ಮುಕ್ಕಾಲು ಪಾಲು ಕೆಲಸ ಹಗಲಿನಲ್ಲಿ, ಸ್ಪ್ಯಾನರ್ ಹಿಡಿದು ಮುಗಿಸುವಂಥದ್ದು.

ಈ ಸಾಧನ ಗೊತ್ತಿಲ್ಲದವರಿಗೆ ಎರಡು ಮಾತು. ಟೆಲಿಸ್ಕೋಪು ಎರಡು ಅಚ್ಚುಗಳ ಮೇಲೆ ತಿರುಗುತ್ತದೆ. ಡಾಬ್ಸೋನಿಯನ್ ಆದರೆ ಒಂದು ಅಚ್ಚು ಮೇಲೆ-ಕೆಳಗೆ, ಇನ್ನೊಂದು ಸುತ್ತಲೂ. ಮೊದಲನೆಯದು ಉನ್ನತಿ, ಎರಡನೆಯದು ದಿಗಂಶ. ಒಂದೊಂದು ಅಚ್ಚಿಗೂ ಒಂದು ಎನ್‌ಕೋಡರ್ ಕೂಡಿಸಿರುತ್ತಾರೆ. ಅಚ್ಚು ಎಷ್ಟು ತಿರುಗಿತು ಎಂದು ಎಣಿಸುವುದಷ್ಟೇ ಅದರ ಕೆಲಸ. ಎರಡು ಎಣಿಕೆಗಳೂ ವೈರಿನಲ್ಲಿ ಪುಟ್ಟ ಕಂಪ್ಯೂಟರಿಗೆ, ಅಂದರೆ ನಮ್ಮ ಪೆಟ್ಟಿಗೆಗೆ, ಹೋಗುತ್ತವೆ. ಮೋಟಾರು ಇಲ್ಲ. ಬೇಕಾದ ಕಾಯವನ್ನು ಪಟ್ಟಿಯಿಂದ ಆರಿಸಿದರೆ ಇನ್ನೆಷ್ಟು ದೂರ ತಳ್ಳಬೇಕೆಂದು ಪರದೆ ತೋರಿಸುತ್ತದೆ. ಅಂಕಿ ಸೊನ್ನೆಯಾಗುವವರೆಗೆ ಕೈಯಲ್ಲೇ ತಳ್ಳಬೇಕು. ಆರ್ಗೋ ನಾವಿಸ್, ನೆಕ್ಸಸ್, ಸ್ಕೈ ಕಮಾಂಡರ್ ಇವೆಲ್ಲ ಈ ಬಗೆಯವು. ಪೆಟ್ಟಿಗೆಯ ಬದಲು ಫೋನಿನಲ್ಲಿ ಸ್ಕೈಸಫಾರಿ ಆ್ಯಪ್ ಇಟ್ಟುಕೊಂಡು, ಎನ್‌ಕೋಡರುಗಳನ್ನು ವೈಫೈ ಮೂಲಕ ಅದಕ್ಕೆ ಜೋಡಿಸುವವರೂ ಇದ್ದಾರೆ. ಯಾವುದಾದರೂ ಒಳಗಿನ ಗಣಿತ ಹೆಚ್ಚುಕಡಿಮೆ ಒಂದೇ. ಜಪಾನಿನ ಟೆಲಿಸ್ಕೋಪು ತಯಾರಕ ತೋಶಿಮಿ ತಾಕಿ 1989ರಲ್ಲಿ ಅಮೆರಿಕದ ‘ಸ್ಕೈ ಆ್ಯಂಡ್ ಟೆಲಿಸ್ಕೋಪ್’ ಪತ್ರಿಕೆಯಲ್ಲಿ ವಿವರಿಸಿದ ಮ್ಯಾಟ್ರಿಕ್ಸ್ ವಿಧಾನ ಅದು. ಆಕಾಶದಲ್ಲಿ ಎರಡು ನಕ್ಷತ್ರಗಳಿರುವ ಸ್ಥಾನ ಗೊತ್ತಿದ್ದು, ಎರಡು ಅಚ್ಚುಗಳ ಮೇಲೆ ಅವು ಎಲ್ಲಿ ಸಿಕ್ಕವು ಎಂಬುದೂ ಗೊತ್ತಾದರೆ ಇಡೀ ಆಕಾಶವನ್ನು ಟೆಲಿಸ್ಕೋಪು ಹೊತ್ತ ಮೌಂಟಿನ ಮೇಲೆ ಕೂರಿಸಬಹುದು; ಅಲೈನ್ಮೆಂಟ್ ಎನ್ನುವುದು ಇದನ್ನೇ. ಮೌಂಟು ಸಮತಟ್ಟಾಗಿರಬೇಕೆಂಬ ಕಟ್ಟಳೆಯೂ ಇಲ್ಲ.

ಎಷ್ಟು ನಿಖರವಾಗಿರಬೇಕು? 200 ಮಿ.ಮೀ. ವ್ಯಾಸ, 1200 ಮಿ.ಮೀ. ನಾಭಿದೂರದ ಡಾಬ್ಸೋನಿಯನ್‌ಗೆ 25 ಮಿ.ಮೀ. ಐಪೀಸ್ ಹಾಕಿದರೆ 48 ಪಟ್ಟು ವರ್ಧನೆ. ಕಣ್ಣಿಗೆ ಕಾಣುವ ಆಕಾಶ ಹೆಚ್ಚುಕಡಿಮೆ 1 ಡಿಗ್ರಿ ಅಗಲ. ನಡುವಿನಿಂದ ಅಂಚಿಗೆ ಅರ್ಧ ಡಿಗ್ರಿ, ಅಂದರೆ 30 ಕಲೆ. ತಪ್ಪು ಅದರೊಳಗೆ ಇದ್ದರೆ ಕಾಯ ಐಪೀಸಿನಲ್ಲಿ ಸಿಕ್ಕೇ ಸಿಗುತ್ತದೆ. ಎನ್‌ಕೋಡರಿನ ಸೂಕ್ಷ್ಮತೆ ಇದಕ್ಕೆ ಧಾರಾಳ ಸಾಕು. ಒಂದು ಸುತ್ತಿಗೆ 8192 ಹೆಜ್ಜೆ ಎಣಿಸುವ ಎನ್‌ಕೋಡರಿನ ಒಂದು ಹೆಜ್ಜೆ 2.6 ಕಲೆಯಷ್ಟೇ. 10,000 ಹೆಜ್ಜೆಯದ್ದಾದರೆ 2.2 ಕಲೆ. ಗುರಿ ಒಂದೂವರೆ ಡಿಗ್ರಿ ತಪ್ಪುತ್ತಿದ್ದರೆ ಇನ್ನೂ ದುಬಾರಿ ಎನ್‌ಕೋಡರ್ ತರಿಸುವುದರಿಂದ ಏನೂ ಸುಧಾರಿಸದು.

ಹಗಲಿನ ಕೆಲಸ

ಮೊದಲು ಎನ್‌ಕೋಡರ್ ಕೂತ ಜಾಗವನ್ನು ಬಗ್ಗಿ ನೋಡಿ. ದಿಗಂಶದ ಎನ್‌ಕೋಡರ್ ಸಾಮಾನ್ಯವಾಗಿ ಬೇಸಿನ ನಡುವಿನ ಬೋಲ್ಟಿನ ತಲೆಯ ಮೇಲೆ ಕೂತಿರುತ್ತದೆ. ಬೋಲ್ಟು ಕೆಳಹಲಗೆಗೆ ಬಿಗಿಯಾಗಿ ಹಿಡಿದಿರಬೇಕು, ಎನ್‌ಕೋಡರಿನ ದಂಡ ಆ ಬೋಲ್ಟಿಗೆ ಬಿಗಿಯಾಗಿರಬೇಕು, ಅದರ ಮೈ ಮಾತ್ರ ಒಂದು ತೋಳಿನ ಮೂಲಕ ಕೊಳವೆಯನ್ನು ಹೊತ್ತ ಮೇಲಿನ ಮರದ ಪೆಟ್ಟಿಗೆಯ ಜೊತೆ ತಿರುಗಬೇಕು. ಈ ಮೂರರಲ್ಲಿ ಒಂದು ಸಡಿಲವಾದರೂ ಎಣಿಕೆ ಕಳೆದುಹೋಗುತ್ತದೆ. ಹೆಚ್ಚಾಗಿ ಕೈಕೊಡುವುದು ಬೋಲ್ಟು. ಟೆಲಿಸ್ಕೋಪು ತಿರುಗಿದಾಗ ಅದೂ ಕೂದಲೆಳೆಯಷ್ಟು ಜೊತೆಗೇ ತಿರುಗುತ್ತದೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ. ಕೆಳಗಿನಿಂದ ಇನ್ನೊಂದು ನಟ್ ಹಾಕಿ ಹಲಗೆಗೆ ಬಿಗಿದುಬಿಡಿ. ದಂಡವನ್ನು ಹಿಡಿಯುವ ಪುಟ್ಟ ಸ್ಕ್ರೂವನ್ನು ಅಲೆನ್ ಕೀಲಿಯಿಂದ ಬಿಗಿದ ಮೇಲೆ ದಂಡ ಮತ್ತು ಕಾಲರ್ ಎರಡರ ಮೇಲೂ ಹಾಯುವಂತೆ ಉಗುರುಬಣ್ಣದ ಒಂದು ಗೆರೆ ಎಳೆಯಿರಿ. ಕಾರಿನ ಡಿಕ್ಕಿಯಲ್ಲಿ ಹಂಪುಗಳ ಮೇಲೆ ಹಾರಿ ಬಂದ ಮೌಂಟಿನಲ್ಲಿ ಆ ಗೆರೆ ಮುರಿದಿದ್ದರೆ ಸ್ಕ್ರೂ ಜಾರಿದೆ ಎಂದರ್ಥ. ಟಾರ್ಚು ಬಿಟ್ಟು ನೋಡಿದರೆ ಸಾಕು, ಮೀಟರು ಬೇಡ.

ಉನ್ನತಿಯ ಕಡೆ ಇನ್ನೊಂದು ಬಗೆಯ ತೊಂದರೆ. ಎನ್‌ಕೋಡರಿನ ದಂಡ ಬದಿಯ ಬೇರಿಂಗಿನ ಸರಿಯಾದ ನಡುವಿನಲ್ಲಿ ಇರಬೇಕು. ಮನೆಯಲ್ಲೇ ಕೊರೆದು ಕೂರಿಸಿದಾಗ ಒಂದು ಮಿ.ಮೀ. ಓರೆಯಾಗುವುದು ಸಹಜ. ಮೈಯನ್ನು ಹಿಡಿದ ತೋಳು 10 ಸೆಂ.ಮೀ. ಉದ್ದವಿದ್ದರೆ ಆ ಒಂದು ಮಿ.ಮೀ. ಅರ್ಧ ಡಿಗ್ರಿಗೂ ಮಿಕ್ಕಿದ ತಪ್ಪಾಗಿ ಹೊರಬರುತ್ತದೆ. ಅದೂ ಎಲ್ಲ ಎತ್ತರದಲ್ಲೂ ಒಂದೇ ಸಮ ಇರುವುದಿಲ್ಲ. ಮತ್ತೆ ಕೊರೆಯುವ ಉಪದ್ವ್ಯಾಪ ಬೇಡವೆಂದರೆ ತೋಳನ್ನು ಉದ್ದ ಮಾಡಿ. 20 ಸೆಂ.ಮೀ. ತೋಳಿಗೆ ತಪ್ಪು ಅರ್ಧಕ್ಕೆ ಇಳಿಯುತ್ತದೆ.

ಆಮೇಲೆ ಎಣಿಕೆಯ ಪರೀಕ್ಷೆ. ತಾರಸಿಯಲ್ಲಿ ನಿಂತು ದೂರದ ಮೊಬೈಲ್ ಟವರಿನ ತುದಿಯನ್ನೋ ಗುಡಿಯ ಕಲಶವನ್ನೋ ಹೆಚ್ಚು ಪವರಿನ ಐಪೀಸಿನಲ್ಲಿ ನಡುಗೂಡಿಸಿ. ಸೂರ್ಯ ಇರುವ ಕಡೆಗೆ ಮಾತ್ರ ಕೊಳವೆ ತಿರುಗದಂತೆ ನೋಡಿಕೊಳ್ಳಿ; ತಿರುಗಿಸುವಾಗ ಮುಚ್ಚಳ ಹಾಕಿಬಿಡುವುದೇ ಕ್ಷೇಮ. ಪೆಟ್ಟಿಗೆಯ ಎನ್‌ಕೋಡರ್ ಮೆನುವಿನಲ್ಲಿ ದಿಗಂಶದ ಅಂಕಿಯನ್ನು ಬರೆದುಕೊಳ್ಳಿ. ಟೆಲಿಸ್ಕೋಪನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಅದೇ ಕಲಶವನ್ನು ಮತ್ತೆ ನಡುಗೂಡಿಸಿ. ಮೊದಲಿನ ಅಂಕಿಯೇ ಬರಬೇಕು, ಹೆಚ್ಚೆಂದರೆ ಒಂದೆರಡು ಹೆಜ್ಜೆ ಆಚೀಚೆ. ಹತ್ತು-ಹದಿನೈದು ಹೆಜ್ಜೆ ತಪ್ಪಿ, ಪ್ರತಿ ಸುತ್ತಿಗೂ ಬೇರೆ ಬೇರೆಯಷ್ಟು ತಪ್ಪುತ್ತಿದ್ದರೆ ಅದು ಜಾರುವಿಕೆ. ಪ್ರತಿ ಸುತ್ತಿಗೂ ಅಷ್ಟೇ ಅಷ್ಟು ತಪ್ಪಿದರೆ ಪೆಟ್ಟಿಗೆಗೆ ಕೊಟ್ಟ ಹೆಜ್ಜೆಗಳ ಸಂಖ್ಯೆಯೇ ತಪ್ಪು. ಇದು ಸಣ್ಣ ವಿಷಯವಲ್ಲ. 8192ರ ಬದಲು 8000 ಎಂದು ಕೊಟ್ಟಿದ್ದರೆ ನೀವು 90 ಡಿಗ್ರಿ ತಿರುಗಿಸಿದಾಗ ಪೆಟ್ಟಿಗೆ 92 ಡಿಗ್ರಿಗೂ ಹೆಚ್ಚು ತಿರುಗಿತೆಂದು ನಂಬುತ್ತದೆ.

ದಿಕ್ಕನ್ನೂ ಈಗಲೇ ನೋಡಿಬಿಡಿ. ಕೊಳವೆಯನ್ನು ಮೇಲೆತ್ತಿದಾಗ ಉನ್ನತಿಯ ಅಂಕಿ ಏರಬೇಕು. ಉತ್ತರದಿಂದ ಪೂರ್ವಕ್ಕೆ ತಿರುಗಿಸಿದಾಗ ದಿಗಂಶದ ಅಂಕಿ ಏರಬೇಕು. ಇಲ್ಲವಾದರೆ ಹೆಜ್ಜೆಗಳ ಸಂಖ್ಯೆಯ ಮುಂದಿನ ಚಿಹ್ನೆ ಬದಲಿಸಿ, ಪ್ಲಸ್ ಇದ್ದದ್ದು ಮೈನಸ್.

ಸೊನ್ನೆ ಎಲ್ಲಿದೆ?

ಈ ಇಡೀ ವಿದ್ಯೆಯಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲಿ.

ಪೆಟ್ಟಿಗೆ ಶುರುವಾದಾಗ ಕೊಳವೆಯನ್ನು ಅಡ್ಡಕ್ಕೆ ಮಲಗಿಸಿ ಎಂದೋ ನೆಟ್ಟಗೆ ನಿಲ್ಲಿಸಿ ಎಂದೋ ಕೇಳುತ್ತದೆ. ನಾವು ಕೊಳವೆಯ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು, ಗುಳ್ಳೆ ನಡುವಿಗೆ ಬಂದ ಕೂಡಲೇ ಗುಂಡಿ ಒತ್ತುತ್ತೇವೆ. ಆದರೆ ಪೆಟ್ಟಿಗೆಗೆ ಬೇಕಿರುವುದು ಭೂಮಿಗೆ ಅಡ್ಡವಾದ ಕೊಳವೆ ಅಲ್ಲ. ಬೇಸಿನ ಅಚ್ಚಿಗೆ, ಅಂದರೆ ಆ ನಡುವಿನ ಬೋಲ್ಟಿಗೆ, ಲಂಬವಾದ ಕೊಳವೆ. ಬೇಸು ಸಮತಟ್ಟಾಗಿದ್ದರೆ ಎರಡೂ ಒಂದೇ. ನಮ್ಮ ತಾರಸಿಗಳು ನೀರು ಹರಿಯಲೆಂದೇ ಇಳಿಜಾರು ಕೊಟ್ಟವು, ಹೊಲದ ಬದುವಂತೂ ಸರಿಯೇ ಸರಿ. ಬೇಸು ಎರಡು ಡಿಗ್ರಿ ವಾಲಿದ್ದರೆ, ಲೆವೆಲ್ ಇಟ್ಟ ದಿಕ್ಕಿಗೆ ತಕ್ಕಂತೆ ನಿಮ್ಮ ಸೊನ್ನೆಯೂ ಎರಡು ಡಿಗ್ರಿಯವರೆಗೆ ತಪ್ಪಿರುತ್ತದೆ. ಎರಡು ನಕ್ಷತ್ರಗಳ ಅಲೈನ್ಮೆಂಟಿಗೆ ಮೌಂಟು ಸಮತಟ್ಟಾಗಿರಬೇಕಿಲ್ಲ ಎಂದೆನಲ್ಲ, ಅದು ನಿಜ. ಬೇಸಿನ ವಾಲುವಿಕೆಯನ್ನು ಪೆಟ್ಟಿಗೆ ತಾನೇ ನಿಭಾಯಿಸುತ್ತದೆ. ಈ ಸೊನ್ನೆಯ ತಪ್ಪನ್ನು ಎಲ್ಲ ಪೆಟ್ಟಿಗೆಗಳೂ ನಿಭಾಯಿಸವು.

ತಪ್ಪು ಎಷ್ಟು ಬೆಳೆಯುತ್ತದೆಂದು ಲೆಕ್ಕ ಹಾಕಿ ನೋಡೋಣ. ಎರಡೂ ನಕ್ಷತ್ರಗಳು 40 ಡಿಗ್ರಿ ಎತ್ತರದಲ್ಲಿವೆ, ದಿಗಂಶದಲ್ಲಿ 100 ಡಿಗ್ರಿ ಅಂತರ ಎಂದುಕೊಳ್ಳಿ. ಅವುಗಳ ನಡುವಿನ ನಿಜವಾದ ಅಂತರ 71.9 ಡಿಗ್ರಿ. ಸೊನ್ನೆ ಒಂದು ಡಿಗ್ರಿ ತಪ್ಪಿದ್ದರಿಂದ ಎನ್‌ಕೋಡರ್ ಎರಡನ್ನೂ 41 ಡಿಗ್ರಿ ಎಂದು ತೋರಿಸಿದರೆ ಅಂತರ 70.6 ಆಗುತ್ತದೆ. ಛತ್ರಿಯ ಕಡ್ಡಿಗಳು ನಡುವಿಗೆ ಹೋದಂತೆ ಹತ್ತಿರವಾಗುವ ಹಾಗೆ, ದಿಗಂಶದ ಗೆರೆಗಳು ನೆತ್ತಿಯ ಕಡೆ ಕೂಡಿಕೊಳ್ಳುತ್ತವೆ. ಎರಡು ನಕ್ಷತ್ರಗಳನ್ನು ಲೆಕ್ಕದಲ್ಲಿ ಮೇಲಕ್ಕೆ ತಳ್ಳಿದರೆ ಅವು ಒಂದಕ್ಕೊಂದು ಹತ್ತಿರವಾಗಲೇಬೇಕು. ಆಕಾಶದಲ್ಲಿರುವ ಅಂತರಕ್ಕೂ ಮೌಂಟು ಹೇಳುವ ಅಂತರಕ್ಕೂ ಒಂದು ಡಿಗ್ರಿಗೂ ಹೆಚ್ಚಿನ ವ್ಯತ್ಯಾಸ ಬಿತ್ತು. ಹೊಂದದ ಈ ಎರಡನ್ನು ಪೆಟ್ಟಿಗೆ ಹೇಗೋ ಹೊಂದಿಸುತ್ತದೆ. ಮೂರನೆಯ ಕಾಯಕ್ಕೆ ಹೋದಾಗ ಆ ರಾಜಿಯ ಬೆಲೆಯನ್ನು ನಾವು ತೆರುತ್ತೇವೆ.

ಹಾಗಾದರೆ ನಿಜವಾದ ಸೊನ್ನೆಯನ್ನು ಕಂಡುಹಿಡಿಯುವುದು ಹೇಗೆ? ಇದಕ್ಕೆ ಲೆವೆಲ್ಲೂ ಬೇಡ, ಕೋನ ಅಳೆಯುವ ಯಂತ್ರವೂ ಬೇಡ. ರಾತ್ರಿ ಕೊಳವೆಯನ್ನು ಸುಮಾರಾಗಿ ನೆತ್ತಿಗೆ ಎತ್ತಿ ನಿಲ್ಲಿಸಿ. ಕಡಿಮೆ ಪವರಿನ ಐಪೀಸ್ ಹಾಕಿ. ಕಣ್ಣು ತೆಗೆಯದೆ ಬೇಸನ್ನು ನಿಧಾನವಾಗಿ ತಿರುಗಿಸಿ. ಐಪೀಸಿನೊಳಗಿನ ನಕ್ಷತ್ರಗಳು ಕಮಾನಾಗಿ ಹರಿಯತೊಡಗುತ್ತವೆ. ಆ ಕಮಾನುಗಳೆಲ್ಲ ಯಾವುದೋ ಒಂದು ಬಿಂದುವನ್ನು ಸುತ್ತುತ್ತಿವೆ; ಆ ಬಿಂದುವೇ ಬೇಸಿನ ಅಚ್ಚು ಆಕಾಶದಲ್ಲಿ ಚುಚ್ಚುವ ಜಾಗ. ಮೊದಲಿಗೆ ಅದು ಐಪೀಸಿನ ಆಚೆ ಎಲ್ಲೋ ಇರಬಹುದು, ಆಗ ನಕ್ಷತ್ರಗಳು ಒಂದೇ ಕಡೆಗೆ ಸರಸರನೆ ಓಡುತ್ತವೆ. ಕೊಳವೆಯನ್ನು ಕೂದಲಷ್ಟು ಮೇಲೆ ಅಥವಾ ಕೆಳಗೆ ಸರಿಸಿ ಮತ್ತೆ ತಿರುಗಿಸಿ. ಸರಿಯಾದ ಕಡೆಗೆ ಸರಿಸಿದ್ದರೆ ಓಟ ನಿಧಾನವಾಗುತ್ತದೆ, ಕಮಾನುಗಳು ಚಿಕ್ಕವಾಗುತ್ತವೆ. ಹೀಗೆ ಸರಿಸುತ್ತ ಹೋದರೆ ಒಂದು ಹಂತದಲ್ಲಿ ಐಪೀಸಿನ ನಡುವೆಯೇ ಎಲ್ಲ ನಕ್ಷತ್ರಗಳೂ ಬುಗುರಿಯಾಡತೊಡಗುತ್ತವೆ. ಅದೇ ನಿಜವಾದ 90 ಡಿಗ್ರಿ.

ಈಗ ಪರದೆಯ ಮೇಲಿನ ಉನ್ನತಿಯನ್ನು ಓದಿ. 90.0 ಎಂದಿದ್ದರೆ ನಿಮ್ಮ ಕೈ ಚೆನ್ನಾಗಿದೆ. 88.6 ಎಂದಿದ್ದರೆ, ನೀವು ಸೊನ್ನೆಯೆಂದು ಗುಂಡಿ ಒತ್ತಿದಾಗ ಕೊಳವೆ ನಿಜಕ್ಕೂ 1.4 ಡಿಗ್ರಿ ಮೇಲೆ ನೋಡುತ್ತಿತ್ತು. ಪರದೆ ಮೈನಸ್ 1.4 ತೋರಿಸುವವರೆಗೆ ಕೊಳವೆಯನ್ನು ಕೆಳಗಿಳಿಸಿ, ಅಲ್ಲಿ ಒಂದು ಮರದ ತುಂಡನ್ನೋ ಬೋಲ್ಟನ್ನೋ ತಡೆಯಾಗಿ ಕೂರಿಸಿಬಿಡಿ. ಇನ್ನು ಮುಂದೆ ಪ್ರತಿ ರಾತ್ರಿಯೂ ಕೊಳವೆಯನ್ನು ಆ ತಡೆಗೆ ತಾಗಿಸಿ ಗುಂಡಿ ಒತ್ತಿದರಾಯಿತು. ಬೇಸು ಎಷ್ಟೇ ವಾಲಿದ್ದರೂ ಚಿಂತೆಯಿಲ್ಲ. ನೆಟ್ಟಗೆ ನಿಲ್ಲಿಸಿದ ಸ್ಥಿತಿಯನ್ನು ಒಪ್ಪುವ ಪೆಟ್ಟಿಗೆಯಾದರೆ ತಡೆಯನ್ನು 90ರಲ್ಲೇ ಇಡಬಹುದು. ನಕ್ಷತ್ರಗಳ ಅಂತರವನ್ನು ನೋಡಿ ಈ ಸೊನ್ನೆಯನ್ನು ತಾವೇ ತಿದ್ದಿಕೊಳ್ಳುವ ಪೆಟ್ಟಿಗೆಗಳೂ ಇವೆ, ಆದರೆ ಜಾರುವ ಸ್ಕ್ರೂವನ್ನೂ ಸೊನ್ನೆಯ ತಪ್ಪೆಂದೇ ತಿಳಿದು ತಿದ್ದಿಬಿಡುವ ಅಪಾಯ ಅಲ್ಲಿದೆ. ತಡೆಯ ಮೇಲೇ ನನಗೆ ಹೆಚ್ಚು ನಂಬಿಕೆ.

ಕೊಳವೆಯನ್ನು ಎಷ್ಟೇ ಮೇಲೆ-ಕೆಳಗೆ ಸರಿಸಿದರೂ ಆ ಸುತ್ತುವ ಬಿಂದು ನಡುವಿಗೆ ಬರದೆ ಎಡಕ್ಕೋ ಬಲಕ್ಕೋ ಉಳಿದುಬಿಟ್ಟರೆ ಮರಗೆಲಸದ ಕಡೆ ನೋಡಬೇಕು. ಉನ್ನತಿಯ ಅಚ್ಚು ಒಂದು ಬದಿಗೆ ಎತ್ತರವಾಗಿರಬಹುದು, ಇಲ್ಲವೇ ಕೊಳವೆ ತನ್ನ ಬೇರಿಂಗುಗಳ ನಡುವೆ ಸೊಟ್ಟಗೆ ಕೂತಿರಬಹುದು. ಬೇರಿಂಗುಗಳು 40 ಸೆಂ.ಮೀ. ದೂರದಲ್ಲಿದ್ದು ಒಂದು ಬದಿ 1 ಮಿ.ಮೀ. ಎತ್ತರವಾಗಿದ್ದರೆ 8.6 ಕಲೆ ತಪ್ಪು, 3 ಮಿ.ಮೀ. ಆದರೆ ಅರ್ಧ ಡಿಗ್ರಿ ಹತ್ತಿರ. ತಗ್ಗಿನ ಬದಿಯ ಟೆಫ್ಲಾನ್ ತುಂಡಿನ ಅಡಿಗೆ ಹಳೆಯ ಎಟಿಎಂ ಕಾರ್ಡು ಕತ್ತರಿಸಿ ತೂರಿಸಿ. ಅದರ ದಪ್ಪ ಮುಕ್ಕಾಲು ಮಿ.ಮೀ. ಚಿಲ್ಲರೆ. ಒಂದೊಂದೇ ಸೇರಿಸುತ್ತ ಬಿಂದು ನಡುವಿಗೆ ಸರಿಯುತ್ತದೆಯೇ ನೋಡಿ. 10 ಕಲೆಯೊಳಗೆ ಬಂದರೆ ನಿಲ್ಲಿಸಿ. ಅದಕ್ಕಿಂತ ಮುಂದೆ ಹೋಗುವುದು ಹಟ.

ನಕ್ಷತ್ರ ಆರಿಸುವುದು

ರಾತ್ರಿಯ ಮೊದಲ ಕೆಲಸ ಕೊಲಿಮೇಶನ್, ಅಂದರೆ ಕನ್ನಡಿಗಳನ್ನು ಒಂದಕ್ಕೊಂದು ನೇರವಾಗಿ ಹೊಂದಿಸುವುದು. ಅಲೈನ್ಮೆಂಟ್ ಆದ ಮೇಲೆ ಪ್ರಧಾನ ಕನ್ನಡಿಯ ಸ್ಕ್ರೂ ಮುಟ್ಟಿದರೆ ಟೆಲಿಸ್ಕೋಪು ನೋಡುವ ದಿಕ್ಕೇ ಸರಿಯುತ್ತದೆ, ಮಾಡಿದ್ದೆಲ್ಲ ಹಾಳು.

ಎರಡು ನಕ್ಷತ್ರಗಳ ನಡುವೆ 60ರಿಂದ 120 ಡಿಗ್ರಿ ಅಂತರವಿರಲಿ, 90ರ ಸುತ್ತ ಇದ್ದರೆ ಉತ್ತಮ. ಪಕ್ಕಪಕ್ಕದವು ಬೇಡ, ತೀರಾ ಎದುರುಬದುರು, 180ರ ಹತ್ತಿರದವೂ ಬೇಡ. ಇಷ್ಟು ಎಲ್ಲ ಕೈಪಿಡಿಗಳಲ್ಲೂ ಇರುತ್ತದೆ. ಅವುಗಳಲ್ಲಿ ಹೆಚ್ಚಿನವು ಉತ್ತರದ ದೇಶಗಳವರಿಗಾಗಿ ಬರೆದವು, ಅವರಿಗೆ ಒಪ್ಪುವ ಸಲಹೆ ನಮಗೆ ಎಲ್ಲ ಸಲವೂ ಒಪ್ಪುವುದಿಲ್ಲ. ಧ್ರುವನಕ್ಷತ್ರವನ್ನೇ ನೋಡಿ. ಲಂಡನ್ನಿನಲ್ಲಿ ಅದು 51 ಡಿಗ್ರಿ ಎತ್ತರದಲ್ಲಿ ಸ್ವಚ್ಛವಾಗಿ ನಿಂತಿರುತ್ತದೆ. ಬೆಂಗಳೂರಿನಲ್ಲಿ ಕೇವಲ 13 ಡಿಗ್ರಿ. ದೂಳು, ಊರಿನ ಬೆಳಕು, ಪಕ್ಕದ ಮನೆಯ ಸಿಂಟೆಕ್ಸ್ ಟ್ಯಾಂಕು ದಾಟಿ ಕಂಡರೆ ಪುಣ್ಯ. ಅದನ್ನು ಬಿಟ್ಟುಬಿಡಿ.

ಅದಕ್ಕಿಂತ ಹೆಚ್ಚಿನ ಎಚ್ಚರ ನೆತ್ತಿಯ ನಕ್ಷತ್ರಗಳ ಬಗ್ಗೆ. ನಾವು 12ರಿಂದ 18 ಡಿಗ್ರಿ ಅಕ್ಷಾಂಶದಲ್ಲಿ ಇರುವವರು. ರೋಹಿಣಿ, ಆರ್ದ್ರಾ, ಮಖಾ, ಸ್ವಾತಿ, ಶ್ರವಣ ಹೀಗೆ ನಮ್ಮ ಪರಿಚಯದ ಪ್ರಕಾಶಮಾನ ನಕ್ಷತ್ರಗಳು ಬಹಳಷ್ಟು ನೆತ್ತಿಯ ಹತ್ತಿರವೇ ಹಾಯುತ್ತವೆ. ಫೆಬ್ರವರಿ ನಡುವಿನ ರಾತ್ರಿ 8 ಗಂಟೆಗೆ ರೋಹಿಣಿ ಮತ್ತು ಆರ್ದ್ರಾ ಎರಡೂ 79 ಡಿಗ್ರಿ ಎತ್ತರದಲ್ಲಿರುತ್ತವೆ. ಅಲ್ಲಿ ಡಾಬ್ಸೋನಿಯನ್‌ನ ದಿಗಂಶಕ್ಕೆ ಬೆಲೆಯೇ ಇಲ್ಲ. ಕೊಳವೆ ನೆತ್ತಿ ನೋಡುತ್ತಿರುವಾಗ ಬೇಸನ್ನು ಐದು ಡಿಗ್ರಿ ತಿರುಗಿಸಿದರೂ ನಕ್ಷತ್ರ ಐಪೀಸಿನಲ್ಲಿ ಒಂದು ಡಿಗ್ರಿಯೂ ಅಲುಗದು. ದಿಗಂಶದ ಅಂಕಿ ನಂಬಿಕೆಗೆ ಬಾರದ್ದಾಗುತ್ತದೆ. 25ರಿಂದ 60 ಡಿಗ್ರಿ ಎತ್ತರದಲ್ಲಿರುವವನ್ನೇ ಹಿಡಿಯಿರಿ.

ನಮ್ಮ ಆಕಾಶಕ್ಕೆ ಹೊಂದುವ ಕೆಲವು ಜೋಡಿಗಳು: ಅಕ್ಟೋಬರ್ ಕೊನೆಯಲ್ಲಿ ರಾತ್ರಿ 8ಕ್ಕೆ ವಾಯವ್ಯದ ಅಭಿಜಿತ್ ಮತ್ತು ದಕ್ಷಿಣದ ಫೋಮಲ್ಹಾಟ್, ನಡುವೆ 91 ಡಿಗ್ರಿ. ಡಿಸೆಂಬರ್ ನಡುವಿನಲ್ಲಿ ಅದೇ ಹೊತ್ತಿಗೆ ಪೂರ್ವದ ರೋಹಿಣಿ ಮತ್ತು ನೈಋತ್ಯದ ಫೋಮಲ್ಹಾಟ್, 94 ಡಿಗ್ರಿ. ಆಗ ರೋಹಿಣಿ ಇನ್ನೂ 41 ಡಿಗ್ರಿಯಲ್ಲಿರುತ್ತದೆ. ಫೆಬ್ರವರಿಯಲ್ಲಿ ಲುಬ್ಧಕ ಮತ್ತು ಉತ್ತರದ ಬ್ರಹ್ಮಹೃದಯ, 66 ಡಿಗ್ರಿ. ಏಪ್ರಿಲ್ ನಡುವಿನ ಎಂಟೂವರೆಗೆ ಪಶ್ಚಿಮದ ಪ್ರೊಸಿಯಾನ್, ಪೂರ್ವದಲ್ಲಿ ಆಗಷ್ಟೇ ಏರಿದ ಸ್ವಾತಿ, 97 ಡಿಗ್ರಿ. ಜೂನ್ ಬಂದಮೇಲೆ ಮಲೆನಾಡಿನವರು ಟೆಲಿಸ್ಕೋಪನ್ನು ಒಳಗಿಟ್ಟು ಕನ್ನಡಿಗೆ ಬೂಸ್ಟು ಹಿಡಿಯದಂತೆ ನೋಡಿಕೊಂಡರೆ ಸಾಕು. ಪೆಟ್ಟಿಗೆಯ ಪಟ್ಟಿಯಲ್ಲಿ ರೋಹಿಣಿ ಆಲ್ಡೆಬರನ್ ಎಂದೂ, ಸ್ವಾತಿ ಆರ್ಕ್‌ಟುರಸ್ ಎಂದೂ, ಅಭಿಜಿತ್ ವೇಗಾ ಎಂದೂ, ಲುಬ್ಧಕ ಸಿರಿಯಸ್ ಎಂದೂ, ಬ್ರಹ್ಮಹೃದಯ ಕಪೆಲಾ ಎಂದೂ ಇರುತ್ತವೆ. ಪುನರ್ವಸುವಿನ ಅವಳಿಗಳನ್ನು ಅಲೈನ್ಮೆಂಟಿಗೆ ಬಳಸದಿರುವುದು ಲೇಸು. ಕ್ಯಾಸ್ಟರ್, ಪೊಲಕ್ಸ್ ಎರಡರ ನಡುವೆ ನಾಲ್ಕೂವರೆ ಡಿಗ್ರಿ. ಕತ್ತಲಲ್ಲಿ ಒಂದರ ಬದಲು ಇನ್ನೊಂದನ್ನು ಹಿಡಿದರೆ ಅಷ್ಟೂ ತಪ್ಪು ಲೆಕ್ಕಕ್ಕೆ ಸೇರುತ್ತದೆ.

ನಕ್ಷತ್ರವನ್ನು ಫೈಂಡರಿನಲ್ಲಿ ಹಿಡಿದು ಗುಂಡಿ ಒತ್ತಬೇಡಿ. ಮುಖ್ಯ ಟೆಲಿಸ್ಕೋಪಿನಲ್ಲೇ, 10 ಮಿ.ಮೀ.ಯಂಥ ಹೆಚ್ಚು ಪವರಿನ ಐಪೀಸಿನಲ್ಲಿ ನಡುಗೂಡಿಸಿ. ಅಡ್ಡಗೆರೆಯ ಐಪೀಸ್ ಇಲ್ಲದಿದ್ದರೆ ಫೋಕಸ್ಸನ್ನು ಕೆಡಿಸಿ. ನಕ್ಷತ್ರ ಬಿರಿದು ದೊಡ್ಡ ಬಿಲ್ಲೆಯಾಗುತ್ತದೆ. ಬಿಲ್ಲೆಯ ಸುತ್ತ ಉಳಿದ ಕತ್ತಲೆಯ ಅಂಚು ಎಲ್ಲ ಕಡೆಯೂ ಸಮವಾಗಿದೆಯೇ ಎಂದು ಕಣ್ಣು ಥಟ್ಟನೆ ಹೇಳುತ್ತದೆ. ಬರೀ ಚುಕ್ಕಿಯನ್ನು ನಡುವಿಗೆ ತರುವಾಗ ಈ ಅಂದಾಜು ಸಿಗುವುದಿಲ್ಲ. ಕೊನೆಯ ತಳ್ಳುವಿಕೆ ಎರಡೂ ನಕ್ಷತ್ರಗಳಿಗೆ ಒಂದೇ ಕಡೆಯಿಂದ ಇರಲಿ, ಕೆಳಗಿನಿಂದ ಮೇಲೆ, ಎಡದಿಂದ ಬಲಕ್ಕೆ ಎನ್ನುವ ಹಾಗೆ. ಮರದ ಮೌಂಟಿನಲ್ಲಿ ಇರುವ ಸಣ್ಣ ಸಡಿಲ ಆಗ ಎರಡರಲ್ಲೂ ಒಂದೇ ಬದಿಗೆ ಬೀಳುತ್ತದೆ. ನಡುಗೂಡಿಸಿದ ಮೇಲೆ ಕೈ ತೆಗೆದು, ನಕ್ಷತ್ರ ಅಲ್ಲೇ ನಿಂತಿದೆಯೇ ನೋಡಿ, ಆಮೇಲೆ ಗುಂಡಿ ಒತ್ತಿ.

ತಪ್ಪನ್ನು ಓದುವುದು

ಎರಡನೆಯ ನಕ್ಷತ್ರದ ಗುಂಡಿ ಒತ್ತಿದ ಕೂಡಲೇ ಬಹಳಷ್ಟು ಪೆಟ್ಟಿಗೆಗಳು ಒಂದು ಅಂಕಿ ತೋರಿಸುತ್ತವೆ. ಕೆಲವು ಹಳೆಯ ಪೆಟ್ಟಿಗೆಗಳಲ್ಲಿ ಅದಕ್ಕೆ ವಾರ್ಪ್ ಎಂದು ಹೆಸರು. ಎರಡು ನಕ್ಷತ್ರಗಳ ನಿಜವಾದ ಅಂತರಕ್ಕೂ ಎನ್‌ಕೋಡರುಗಳು ಅಳೆದ ಅಂತರಕ್ಕೂ ಇರುವ ವ್ಯತ್ಯಾಸ ಅದು, ಡಿಗ್ರಿಗಳಲ್ಲಿ. 0.2ರೊಳಗೆ ಇದ್ದರೆ ಹಬ್ಬ. 0.5ರವರೆಗೆ ಕೆಲಸ ನಡೆಯುತ್ತದೆ. 1 ದಾಟಿದರೆ ಮುಂದುವರಿಯಬೇಡಿ. ನಾಲ್ಕೈದು ಡಿಗ್ರಿ ತೋರಿಸಿದರೆ ಬೇರೆ ನಕ್ಷತ್ರ ಹಿಡಿದಿದ್ದೀರಿ. ಪ್ರತಿ ರಾತ್ರಿಯೂ ಸುಮಾರಾಗಿ ಅಷ್ಟೇ ತಪ್ಪು ಬರುತ್ತಿದ್ದರೆ ಸೊನ್ನೆಯನ್ನೋ ಮರಗೆಲಸವನ್ನೋ ಅನುಮಾನಿಸಿ. ಒಂದು ಸಲ 0.1, ಇನ್ನೊಂದು ಸಲ 1.7 ಎಂದು ಕುಣಿಯುತ್ತಿದ್ದರೆ ಜಾರುವ ಸ್ಕ್ರೂವನ್ನು.

ಈ ಅಂಕಿ ಸೊನ್ನೆ ಬಂದರೂ ಬೀಗಬೇಡಿ. ದಿಗಂಶದ ಎನ್‌ಕೋಡರಿನ ದಿಕ್ಕು ಹಿಂದುಮುಂದಾಗಿದ್ದರೆ ಏನಾಗುತ್ತದೆ ಯೋಚಿಸಿ. ಪೆಟ್ಟಿಗೆಗೆ ಆಕಾಶ ಕನ್ನಡಿಯಲ್ಲಿ ಕಂಡಂತೆ ಎಡಬಲ ಆಗಿರುತ್ತದೆ, ಆದರೆ ಎರಡು ನಕ್ಷತ್ರಗಳ ಅಂತರ ಮಾತ್ರ ಬದಲಾಗುವುದಿಲ್ಲ. ವ್ಯತ್ಯಾಸ 0.0 ಎಂದು ಬರುತ್ತದೆ, ಮೂರನೆಯ ಕಾಯಕ್ಕೆ ಹೋದರೆ ಆಕಾಶದ ಬೇರೆ ಮೂಲೆಯಲ್ಲಿ ಇರುತ್ತೀರಿ. ಹಾಗಾಗಿ ಅಲೈನ್ಮೆಂಟ್ ಮುಗಿಯುವುದು ಮೂರನೆಯ ನಕ್ಷತ್ರದಲ್ಲಿ. ಮೊದಲ ಎರಡರಿಂದಲೂ ದೂರದ, ಬರಿಗಣ್ಣಿಗೆ ಕಾಣುವ ಒಂದನ್ನು ಪಟ್ಟಿಯಿಂದ ಆರಿಸಿ, ಅಂಕಿಗಳನ್ನು ಸೊನ್ನೆಗೆ ತಂದು, ಅದು ಐಪೀಸಿನಲ್ಲಿ ಇದೆಯೇ ನೋಡಿ.

ಇಷ್ಟಾದ ಮೇಲೂ ಗುರಿ ತಪ್ಪಿದರೆ ಎತ್ತ ತಪ್ಪುತ್ತಿದೆ ಎಂದು ಐದಾರು ಕಾಯಗಳಿಗೆ ಬರೆದಿಟ್ಟುಕೊಳ್ಳಿ. ಎಲ್ಲ ಕಡೆಯೂ ಒಂದೇ ದಿಕ್ಕಿಗೆ ಒಂದೇ ಅಳತೆ ತಪ್ಪಿದರೆ ನಡುಗೂಡಿಸುವಾಗಿನ ಅಸಡ್ಡೆ. ಕೆಳಗೆ ಸರಿಯಿದ್ದು, ಎತ್ತರಕ್ಕೆ ಹೋದಂತೆ ಪಕ್ಕಕ್ಕೆ ಸರಿಯುತ್ತ ಹೋದರೆ ಉನ್ನತಿಯ ಅಚ್ಚು ಒಂದು ಬದಿಗೆ ಎದ್ದಿದೆ. ಅಲೈನ್ಮೆಂಟ್ ನಕ್ಷತ್ರದಿಂದ ಸುತ್ತಲೂ ದೂರ ತಿರುಗಿದಷ್ಟೂ ತಪ್ಪು ಬೆಳೆದರೆ ಹೆಜ್ಜೆಗಳ ಸಂಖ್ಯೆ. ಒಂದು ಗಂಟೆ ಚೆನ್ನಾಗಿದ್ದು ದಿಢೀರನೆ ಎಲ್ಲವೂ ಸರಿದರೆ ಯಾರೋ ಬೇಸಿಗೆ ಕಾಲು ತಾಗಿಸಿದ್ದಾರೆ, ಇಲ್ಲವೇ ಮೆತ್ತಗಿನ ಮಣ್ಣಿನಲ್ಲಿ ಒಂದು ಪಾದ ಇಳಿದಿದೆ. ಹೊಲದಲ್ಲಿ ಇಡುವಾಗ ಪಾದಗಳಡಿ ಕಲ್ಲುಚಪ್ಪಡಿಯ ತುಂಡು ಹಾಕುವುದು ಇದಕ್ಕೇ. ನಿಮಿಷಕ್ಕೆ ಕಾಲು ಡಿಗ್ರಿಯಂತೆ, ಅಂದರೆ ಗಂಟೆಗೆ 15 ಡಿಗ್ರಿ ವೇಗದಲ್ಲಿ ಒಂದೇ ಸಮನೆ ಜಾರುತ್ತಿದ್ದರೆ ಅದು ಭೂಮಿಯ ಸುತ್ತುವಿಕೆಯ ವೇಗ: ಆಕಾಶದ ಜೊತೆಗೇ ತಿರುಗಿಸುವ ಟ್ರ್ಯಾಕಿಂಗ್ ಪ್ಲಾಟ್‌ಫಾರ್ಮಿನ ಮೇಲೆ ಟೆಲಿಸ್ಕೋಪು ಕೂತಿದ್ದೂ ಪೆಟ್ಟಿಗೆಗೆ ಹೇಳಿಲ್ಲ, ಅಥವಾ ಪ್ಲಾಟ್‌ಫಾರ್ಮ್ ಇಲ್ಲದೆಯೂ ಇದೆ ಎಂದು ಹೇಳಿದ್ದೀರಿ.

ನಕ್ಷತ್ರಗಳೆಲ್ಲ ಸಿಕ್ಕಿ ಗ್ರಹಗಳು ಮಾತ್ರ ಸಿಗದಿದ್ದರೆ ಮೌಂಟನ್ನು ಮುಟ್ಟಬೇಡಿ, ದಿನಾಂಕ ನೋಡಿ. ಅಮೆರಿಕದ ರೂಢಿಯಂತೆ ತಿಂಗಳನ್ನು ಮೊದಲು ಕೇಳುವ ಪೆಟ್ಟಿಗೆಗೆ ನಮ್ಮ ರೂಢಿಯಂತೆ ದಿನವನ್ನು ಮೊದಲು ಕೊಟ್ಟಿರುತ್ತೀರಿ. ಹಳೆಯ ನಕ್ಷೆಯಿಂದ ಸ್ಥಾನಾಂಕಗಳನ್ನು ಕೈಯಾರೆ ತುಂಬುವವರಿಗೂ ಒಂದು ಎಚ್ಚರಿಕೆ: ಅಯನಚಲನೆಯಿಂದ ನಕ್ಷತ್ರಗಳ ಸ್ಥಾನ ವರ್ಷಕ್ಕೆ 50 ವಿಕಲೆಯಷ್ಟು ಸರಿಯುತ್ತದೆ. 1950ರ ಸ್ಥಾನಗಳನ್ನು ಕೊಡುವ ನಕ್ಷೆ ಈಗ ಒಂದು ಡಿಗ್ರಿಗೂ ಸ್ವಲ್ಪ ಹೆಚ್ಚೇ ಹಿಂದಿದೆ.

ಎಲ್ಲ ಸರಿಯಿದ್ದರೂ ಆಕಾಶದ ಒಂದು ಭಾಗದಲ್ಲಿ 20 ಕಲೆ ತಪ್ಪು ಉಳಿದೇ ಉಳಿಯುತ್ತದೆ. ಕನ್ಯಾರಾಶಿಯ ಗ್ಯಾಲಕ್ಸಿಗಳ ನಡುವೆ ಗಂಟೆಗಟ್ಟಲೆ ಅಲೆಯುವ ಯೋಚನೆಯಿದ್ದರೆ ಮೊದಲು ಅಲ್ಲಿನದ್ದೇ ಒಂದು ನಕ್ಷತ್ರವನ್ನು ನಡುಗೂಡಿಸಿ ಪೆಟ್ಟಿಗೆಯನ್ನು ಅದಕ್ಕೆ ಸಿಂಕ್ ಮಾಡಿ. ಆ ನೆರೆಹೊರೆಯಲ್ಲಿ ತಪ್ಪು ಮಾಯವಾಗುತ್ತದೆ. ಬೇರೆ ಕಡೆ ಹೋದಾಗ ಮತ್ತೊಮ್ಮೆ.

ಈಕ್ವಟೋರಿಯಲ್ ಮೌಂಟಿನವರಿಗೂ ಇದೇ ದಾರಿ, ಅಚ್ಚುಗಳ ಹೆಸರು ಬೇರೆ. ಅವರು ಎರಡು ನಕ್ಷತ್ರಗಳನ್ನೂ ಮಧ್ಯಾಹ್ನರೇಖೆಯ ಒಂದೇ ಬದಿಯಲ್ಲಿ ಆರಿಸಬೇಕು. ಕೊಳವೆಯನ್ನು ಮೌಂಟಿನ ಈ ಬದಿಯಿಂದ ಆ ಬದಿಗೆ ಹೊರಳಿಸಿದರೆ ಅದರ ಸೊಟ್ಟತನ ತಿರುಗುಮುರುಗಾಗಿ ಲೆಕ್ಕ ಕೆಡಿಸುತ್ತದೆ.

ಈಚೆಗೆ ಎನ್‌ಕೋಡರಿನ ಗೊಡವೆಯೇ ಇಲ್ಲದ ದಾರಿ ಬಂದಿದೆ. ಸೆಲೆಸ್ಟ್ರಾನಿನ ಸ್ಟಾರ್‌ಸೆನ್ಸ್ ಎಕ್ಸ್‌ಪ್ಲೋರರ್ ಫೋನಿನ ಕ್ಯಾಮರಾದಿಂದ ಆಕಾಶದ ಚಿತ್ರ ತೆಗೆದು, ನಕ್ಷತ್ರಗಳ ವಿನ್ಯಾಸ ಗುರುತಿಸಿ ತಾನೆಲ್ಲಿ ನೋಡುತ್ತಿದ್ದೇನೆಂದು ಕಂಡುಕೊಳ್ಳುತ್ತದೆ. ರಾಸ್ಪ್‌ಬೆರಿ ಪೈ ಕಂಪ್ಯೂಟರಿನಿಂದ ಕಟ್ಟುವ ಪೈಫೈಂಡರ್ ಕೂಡ ಅದೇ ಜಾತಿ. ಸ್ಕ್ರೂ ಜಾರಿದರೂ, ಬೇಸು ಸರಿದರೂ ಅವಕ್ಕೆ ಲೆಕ್ಕವಿಲ್ಲ. ಕ್ಯಾಮರಾ ಮತ್ತು ಕೊಳವೆ ಒಂದೇ ಕಡೆ ನೋಡುವಂತೆ ಶುರುವಿನಲ್ಲಿ ಒಮ್ಮೆ ಹೊಂದಿಸಿದರಾಯಿತು. ಹೊಸದಾಗಿ ಕೊಳ್ಳುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಮೋಡದ ಸಂದಿಯಲ್ಲಿ ಒಂದೇ ಒಂದು ತುಂಡು ಆಕಾಶ ತೆರೆದಿದ್ದಾಗ, ಬೆಳದಿಂಗಳಿಗೋ ನಗರದ ಬೆಳಕಿಗೋ ಕ್ಯಾಮರಾಕ್ಕೆ ಸಾಕಷ್ಟು ನಕ್ಷತ್ರ ಸಿಗದಿದ್ದಾಗ ಎನ್‌ಕೋಡರ್ ತನ್ನ ಪಾಡಿಗೆ ಎಣಿಸುತ್ತಲೇ ಇರುತ್ತದೆ. ಈಗಾಗಲೇ ಎನ್‌ಕೋಡರ್ ಇರುವವರು ಅದನ್ನು ಬಿಚ್ಚಿ ಎಸೆಯುವ ಮೊದಲು ಆ ಬೋಲ್ಟನ್ನು ಒಮ್ಮೆ ಬಿಗಿದು ನೋಡಲಿ.